ಶುಗರ್ ಇರುವ ಅಮ್ಮನಿಗೆ ಯಾವ ಶುಗರ್‌ಫ್ರೀ ಬಿಸ್ಕತ್ತು ಒಳ್ಳೆಯದು? ಲೇಬಲ್ ನೋಡಿ ತಿಳಿಯುವುದು ಹೇಗೆ?

ರಾಯಚೂರಿನಲ್ಲಿರುವ ಅಮ್ಮನಿಗೆ ಶುಗರ್, ಚಹಾದ ಜೊತೆ ಬಿಸ್ಕತ್ತು ಬಿಡಲು ಒಪ್ಪುತ್ತಿಲ್ಲ, ಅದಕ್ಕೇ ಲೇಬಲ್ ನೋಡಿ ಒಂದು ಒಳ್ಳೆಯ ಶುಗರ್‌ಫ್ರೀ ಬಿಸ್ಕತ್ತು ಮತ್ತು ಹಾಲಿಗೆ ಹಾಕುವ ಪುಡಿ ಆರಿಸಿಕೊಡಬೇಕು ಅಂತ ಕೇಳಿದ್ದೀರಿ. 2023ರ ದೀಪಾವಳಿ ಮುಗಿದ ವಾರ ನಾನೂ ಇದೇ ಆಸೆಯಿಂದ ಅಂಗಡಿಗೆ ಹೋಗಿದ್ದೆ. ಲೇಬಲ್ಲನ್ನೂ ಓದಿದ್ದೆ. ಓದಿಯೂ ಕೆಟ್ಟೆ. ಅದಕ್ಕೇ ಇಷ್ಟುದ್ದ ಬರೆಯುತ್ತಿದ್ದೇನೆ.

ನಾನು ಗಂಗಾವತಿಯ ಒಂದು ಅಕ್ಕಿ ಗಿರಣಿಯಲ್ಲಿ ಲೆಕ್ಕ ಬರೆಯುತ್ತೇನೆ. ಅಪ್ಪ ಹೋದಮೇಲೆ ಅವ್ವ ನನ್ನ ಹತ್ತಿರವೇ ಇದ್ದಾಳೆ. ಆಗ ಅವಳಿಗೆ 64 ವರ್ಷ, ತೂಕ 52 ಕೆ.ಜಿ. ಶುಗರ್ ಬಂದು ಒಂಬತ್ತು ವರ್ಷವಾಗಿತ್ತು, ಮಾತ್ರೆಯಲ್ಲೇ ನಡೆದಿತ್ತು. ಮೂರು ತಿಂಗಳ ಸರಾಸರಿ ತೋರಿಸುವ ಎಚ್‌ಬಿಎ1ಸಿ 7.2 ಇತ್ತು. ಡಾಕ್ಟರು 'ಹಿಂಗ ಕಾಯ್ಕೊಂಡು ಹೋಗ್ರಿ' ಅಂದಿದ್ದರು. ಅವ್ವನ ಊಟ ಅಂದರೆ ಬೆಳಿಗ್ಗೆ ಒಂದು ಜೋಳದ ರೊಟ್ಟಿ, ಪುಂಡಿಪಲ್ಯ ಇಲ್ಲಾ ಶೇಂಗಾಹಿಂಡಿ. ಮಧ್ಯಾಹ್ನ ಎರಡು ರೊಟ್ಟಿ, ಬ್ಯಾಳಿ, ಒಂದು ಹಿಡಿ ಅನ್ನ. ರಾತ್ರಿಯೂ ಹೆಚ್ಚುಕಮ್ಮಿ ಅಷ್ಟೇ. ಸಂಜೆ ಚಹಾಕ್ಕೆ ಎರಡೇ ಎರಡು ಸಾದಾ ಬಿಸ್ಕತ್ತು. ಮೂರನೆಯದಕ್ಕೆ ಕೈ ಹಾಕುತ್ತಿರಲಿಲ್ಲ, ಮಕ್ಕಳು ಮುಂದೆ ಹಿಡಿದರೂ.

ಆ ಎರಡು ಬಿಸ್ಕತ್ತು ನನ್ನ ಕಣ್ಣಿಗೆ ಚುಚ್ಚುತ್ತಿದ್ದವು. ಮೊಬೈಲಿನಲ್ಲಿ ಬಂದ ಯಾವುದೋ ವಿಡಿಯೋ ನೋಡಿ ಬೆಳಗಿನ ರೊಟ್ಟಿಯೂ ಶುಗರ್ ಏರಿಸುತ್ತದೆ ಎಂದು ತಲೆಯಲ್ಲಿ ಹೊಕ್ಕಿತ್ತು. ಹೊಸದಾಗಿ ತೆರೆದ ದೊಡ್ಡ ಅಂಗಡಿಗೆ ಹೋಗಿ ಎರಡು ಸಾಮಾನು ತಂದೆ. ಒಂದು, ಮುಂದುಗಡೆ ಹಸಿರು ಎಲೆ, ಗೋಧಿ ತೆನೆ ಬರೆದು 'ಸಕ್ಕರೆ ಸೇರಿಸಿಲ್ಲ' ಎಂದು ದಪ್ಪಕ್ಷರದಲ್ಲಿ ಅಚ್ಚು ಹಾಕಿದ್ದ ಬಿಸ್ಕತ್ತು. ಇನ್ನೊಂದು, ಅದೇ ಮಾತು ಹೇಳುವ, ಹಾಲಿಗೆ ಹಾಕಿ ಕುಡಿಯುವ ಪುಡಿ. ಕಣ್ಣು ಮುಚ್ಚಿಕೊಂಡು ತರಲಿಲ್ಲ. ಪಾಕೀಟು ತಿರುಗಿಸಿ ಪಟ್ಟಿ ನೋಡಿದೆ. ಸಕ್ಕರೆ 0.1 ಗ್ರಾಂ. ಶಕ್ತಿ 58 ಕಿಲೋಕ್ಯಾಲರಿ. ಇಷ್ಟು ಕಡಿಮೆಯಾ ಎಂದು ಖುಷಿಯಾಗಿ ನಾಲ್ಕು ಪಾಕೀಟು ತಂದೆ. ಮನೆಗೆ ಬಂದು ಅವ್ವನಿಗೆ ಹೇಳಿದೆ: "ಇದ್ರಾಗ ಸಕ್ರಿ ಇಲ್ಲಬೇ. ಎಷ್ಟ್ ಬೇಕಾದ್ರೂ ತಿನ್ನು. ಬೆಳಿಗ್ಗಿ ರೊಟ್ಟಿ ಬಿಟ್ಟು ಈ ಹಾಲು ಕುಡಿ."

ಈಗ ನನ್ನ ತಪ್ಪನ್ನು ಬಿಡಿಸಿ ಹೇಳುತ್ತೇನೆ. ನೀವೂ ಅದೇ ಜಾಗದಲ್ಲಿ ನಿಂತಿದ್ದೀರಿ.

ಪಾಕೀಟಿನ ಹಿಂದಿನ ಪಟ್ಟಿಯಲ್ಲಿ ಎರಡು ಕಾಲಂ ಇದ್ದವು. ಒಂದು 100 ಗ್ರಾಂ ಬಿಸ್ಕತ್ತಿಗೆ, ಇನ್ನೊಂದು ಒಂದು ಸರ್ವಿಂಗಿಗೆ, ಅಂದರೆ ಒಂದು ಸಲಕ್ಕೆ ತಿನ್ನುವಷ್ಟಕ್ಕೆ. ಒಂದು ಸಲಕ್ಕೆ ಎಷ್ಟು ಎನ್ನುವುದನ್ನು ಬರೆಯುವವರು ಕಂಪನಿಯವರು. ಆ ಬಿಸ್ಕತ್ತಿನಲ್ಲಿ ಅದು 12 ಗ್ರಾಂ, ಅಂದರೆ ಎರಡು ಬಿಸ್ಕತ್ತು. ನಾನು ಓದಿದ್ದು ಆ ಎರಡು ಬಿಸ್ಕತ್ತಿನ ಕಾಲಂ. ಅದನ್ನೇ ಇಡೀ ಬಿಸ್ಕತ್ತಿನ ಗುಣ ಎಂದು ತಿಳಿದೆ. ನಾನು ದಿನಾ ಮಾಡುವ ಕೆಲಸವೇ ಇದು ಎನ್ನುವುದು ಇವತ್ತಿಗೂ ನನ್ನನ್ನು ಕೊರೆಯುತ್ತದೆ. ನಮ್ಮ ಕಡೆ ಭತ್ತದ ಧಾರಣಿ ಹೇಳುವುದು 75 ಕೆ.ಜಿ. ಚೀಲಕ್ಕೆ. ಸರ್ಕಾರದ ಬೆಂಬಲ ಬೆಲೆ ಕ್ವಿಂಟಲಿಗೆ. ರೈತರು ಈ ಎರಡನ್ನೂ ಒಂದೇ ಎಂದು ತಿಳಿದು ಮೋಸ ಹೋಗಬಾರದು ಅಂತ ನಾನೇ ಎಷ್ಟೋ ಜನರಿಗೆ ಚೀಟಿಯಲ್ಲಿ ಬರೆದು ತೋರಿಸಿದ್ದೇನೆ. 'ರೇಟು ಕೇಳೂಕ್ಕಿಂತ ಮೊದ್ಲ ತೂಕ ಕೇಳ್ರಿ' ಅಂದಿದ್ದೇನೆ. ಅವ್ವನ ಬಾಯಿಗೆ ಹೋಗುವುದರ ತೂಕವನ್ನು ನಾನು ಕೇಳಲಿಲ್ಲ.

ಆ ತಪ್ಪಿನ ಒಳಗೇ ಇನ್ನೊಂದು ಇತ್ತು. ಸಕ್ಕರೆಯ ಸಾಲು ಓದಿದವನು ಅದರ ಮೇಲಿನ ಸಾಲು ಬಿಟ್ಟೆ. ಸಕ್ಕರೆಯ ಮೇಲೆ ಕಾರ್ಬೋಹೈಡ್ರೇಟ್ ಎಂದು ಇರುತ್ತದೆ. ಸಕ್ಕರೆ ಅದರ ಒಂದು ಭಾಗ ಮಾತ್ರ. ಉಳಿದದ್ದರಲ್ಲಿ ಬಹುಪಾಲು ಪಿಷ್ಟ, ಅಂದರೆ ಮೈದಾ, ಗೋಧಿ. ಹೊಟ್ಟೆಗೆ ಹೋದಮೇಲೆ ಅದೂ ಗ್ಲೂಕೋಸೇ. 100 ಗ್ರಾಂ ಕಾಲಂನಲ್ಲಿ ಕಾರ್ಬೋಹೈಡ್ರೇಟ್ 66 ಗ್ರಾಂ ಎಂದು ಸ್ಪಷ್ಟವಾಗಿ ಅಚ್ಚಾಗಿತ್ತು. ಹಾಲಿನ ಪುಡಿಯಲ್ಲಿ 75 ಗ್ರಾಂ. ಕಂಪನಿ ಸುಳ್ಳು ಬರೆದಿರಲಿಲ್ಲ. ಸಕ್ಕರೆ ಸೇರಿಸಿರಲಿಲ್ಲ, ಅಷ್ಟು ನಿಜ. ಅಷ್ಟನ್ನೇ ಮುಂದೆ ದೊಡ್ಡದಾಗಿ ಬರೆದಿದ್ದರು.

ಮೂರನೆಯದು ಲೇಬಲ್ಲಿನಲ್ಲಿ ಇಲ್ಲದ್ದು, ನನ್ನ ಬಾಯಿಂದ ಬಂದದ್ದು. 'ಎಷ್ಟು ಬೇಕಾದರೂ ತಿನ್ನು' ಎನ್ನುವ ಮಾತು. ಒಂಬತ್ತು ವರ್ಷ ಎರಡೇ ಬಿಸ್ಕತ್ತಿಗೆ ತನ್ನನ್ನು ತಾನು ಹಿಡಿದಿಟ್ಟುಕೊಂಡಿದ್ದ ಹೆಂಗಸು ಅವಳು. ಓದಿದ ಮಗ ಹೇಳಿದ ಅಂತ ಆ ಹಿಡಿತ ಬಿಟ್ಟಳು. ಬೆಳಿಗ್ಗೆ ನಾಲ್ಕು, ಸಂಜೆ ನಾಲ್ಕು, ರಾತ್ರಿ ನಿದ್ದೆ ಬರದಿದ್ದಾಗ ಎರಡು. ನಮ್ಮ ಮನೆಯಲ್ಲಿ ಏನು ತಂದರೂ ಪಾಕೀಟು ಹರಿದು ಸ್ಟೀಲ್ ಡಬ್ಬಿಗೆ ಸುರಿಯುವುದು ರೂಢಿ. ಅದರಿಂದ ಲೇಬಲ್ಲು ಮೊದಲ ದಿನವೇ ಕಸಕ್ಕೆ ಹೋಗಿತ್ತು. ಅವ್ವನ ಮುಂದೆ ಉಳಿದದ್ದು ಡಬ್ಬಿ, ಮತ್ತು ನನ್ನ ಮಾತು.

2024ರ ಏಪ್ರಿಲ್‌ನಲ್ಲಿ ರಕ್ತ ಕೊಟ್ಟಾಗ ಎಚ್‌ಬಿಎ1ಸಿ 8.9. ಲ್ಯಾಬಿನವರೇ ತಪ್ಪು ಬರೆದಿದ್ದಾರೆ ಅಂದುಕೊಂಡು ಇನ್ನೊಂದು ಕಡೆ ಮಾಡಿಸಿದೆ. ಅಲ್ಲಿಯೂ ಅಷ್ಟೇ ಬಂತು. ಮೇ ತಿಂಗಳ ಬಿಸಿಲಿನಲ್ಲಿ ಚಪ್ಪಲಿ ಕಚ್ಚಿ ಹಿಮ್ಮಡಿಗೆ ಸಣ್ಣ ಗಾಯವಾಯಿತು, ಹುಣಸೆ ಬೀಜದಷ್ಟು. ಆರು ವಾರ ಮಾಯಲಿಲ್ಲ. ಇನ್ಸುಲಿನ್ ಶುರು ಮಾಡಿದರು. ಮೊದಲ ಸೂಜಿ ಚುಚ್ಚಿದ್ದು ನಾನೇ. ಅವ್ವ ಸೀರೆಯ ಸೆರಗನ್ನು ಬಾಯಿಗೆ ಹಿಡಿದು ಗೋಡೆ ಕಡೆ ಮುಖ ಮಾಡಿದಳು. "ಇಷ್ಟ್ಯಾಕ ಏರ್ತು ಅಂತ ತಿಳೀವಲ್ದು" ಎಂದೆ. ಅವಳು ಬೈಯಲಿಲ್ಲ. "ನೀನ ತಿನ್ನಂದಿದ್ದೆಲ್ಲೋ, ಅದಕ್ಕ ತಿಂದೆ" ಅಂದಳು.

ಗುಟ್ಟು ಬಿಡಿಸಿದ್ದು ಸರ್ಕಾರಿ ಆಸ್ಪತ್ರೆಯ ಎನ್‌ಸಿಡಿ ಕ್ಲಿನಿಕ್ಕಿನಲ್ಲಿ ಬಿಪಿ, ಶುಗರ್ ನೋಡುವ ಒಬ್ಬ ಮೇಡಂ. ಏನು ತಿಂತೀರಿ ಎಂದು ಕೇಳಿದರು. ಶುಗರ್‌ಫ್ರೀ ಬಿಟ್ಟು ಏನೂ ಕೊಡ್ತಿಲ್ಲ ಎಂದೆ. "ಬರೂ ವಾರ ಮನ್ಯಾಗಿನ ಪಾಕೀಟೆಲ್ಲ ಒಂದು ಚೀಲದಾಗ ಹಾಕ್ಕೊಂಡು ಬರ್ರಿ, ಅವ್ವಾರು ಹಾಲಿಗೆ ಹಾಕೂ ಚಮಚಾನೂ ತರ್ರಿ" ಎಂದರು. ಚಮಚ ಯಾಕೆ ಎಂದು ಆಗ ತಿಳಿಯಲಿಲ್ಲ. ಆ ಪುಡಿಯ ಡಬ್ಬಿಯಲ್ಲಿ ಒಂದು ಸಲಕ್ಕೆ 20 ಗ್ರಾಂ ಎಂದಿತ್ತು. ಅವ್ವ ಹಾಕುತ್ತಿದ್ದುದು ಸಾರು ಬಡಿಸುವ ದೊಡ್ಡ ಚಮಚದಿಂದ. ಮನೆಗೆ ಬಂದಮೇಲೆ ನಮ್ಮ ಓಣಿಯ ಬಂಗಾರದ ಅಂಗಡಿಯ ತಕ್ಕಡಿಯಲ್ಲಿ ತೂಗಿಸಿದೆ. ಒಂದು ಸಲಕ್ಕೆ 30 ಗ್ರಾಂ, ದಿನಕ್ಕೆ ಎರಡು ಸಲ.

ಅವತ್ತು ರಾತ್ರಿ ಗಿರಣಿಯ ಲೆಕ್ಕದ ಪುಸ್ತಕದ ಕೊನೇ ಹಾಳೆಯಲ್ಲಿ ಬರೆದೆ. ಹತ್ತು ಬಿಸ್ಕತ್ತು 60 ಗ್ರಾಂ, ಅದರಲ್ಲಿ ಕಾರ್ಬೋಹೈಡ್ರೇಟ್ 40 ಗ್ರಾಂ. ಪುಡಿ 60 ಗ್ರಾಂ, ಅದರಲ್ಲಿ 45 ಗ್ರಾಂ. ಒಟ್ಟು 85. ಬೆಳಿಗ್ಗೆ ನಾನು ಬಿಡಿಸಿದ ಒಂದು ರೊಟ್ಟಿಗೆ ಹಿಟ್ಟು 45 ಗ್ರಾಂ ಹಿಡಿದರೂ ಅದರಲ್ಲಿ ಇದ್ದದ್ದು ಸುಮಾರು 30 ಗ್ರಾಂ. ಜೊತೆಗೆ ಜೋಳದಲ್ಲಿ 100ಕ್ಕೆ ಸುಮಾರು 10 ಗ್ರಾಂ ನಾರು ಇರುತ್ತದೆ. ಅದರಿಂದ ರೊಟ್ಟಿ ಹೊಟ್ಟೆಯಲ್ಲಿ ನಿಧಾನ ಕರಗುತ್ತದೆ, ಎರಡು ತಾಸು ಹಸಿವಾಗುವುದಿಲ್ಲ. 30 ಕಳೆದು 85 ಕೂಡಿಸಿ, ಶುಗರ್ ಇಳಿಯುತ್ತದೆ ಅಂತ ಐದು ತಿಂಗಳು ಕಾದಿದ್ದೆ. ಬಿಸ್ಕತ್ತಿನಿಂದಲೇ ದಿನಕ್ಕೆ 288 ಕಿಲೋಕ್ಯಾಲರಿ. ಅಂಗಡಿಯಲ್ಲಿ ನಾನು ಖುಷಿಪಟ್ಟದ್ದು 58 ನೋಡಿ.

ಆ ಪುಡಿಯ ಪದಾರ್ಥಗಳ ಪಟ್ಟಿಯಲ್ಲಿ ಮೊದಲ ಹೆಸರು ಮಾಲ್ಟೋಡೆಕ್ಸ್‌ಟ್ರಿನ್. ಇದೊಂದನ್ನು ಬರೆದಿಟ್ಟುಕೊಳ್ಳಿ. ಜೋಳ, ಅಕ್ಕಿ, ಆಲೂಗಡ್ಡೆಯಂಥವುಗಳ ಪಿಷ್ಟವನ್ನು ಒಡೆದು ಮಾಡುವ ಪುಡಿ ಇದು. ಇಲ್ಲಿ ಜೋಳ ಅಂದರೆ ಗೋವಿನಜೋಳ, ನಮ್ಮ ಬಿಳಿಜೋಳ ಅಲ್ಲ. ನಾಲಿಗೆಗೆ ಸಿಹಿ ಹತ್ತುವುದಿಲ್ಲ ಎನ್ನುವಷ್ಟು ಕಡಿಮೆ. ಲೇಬಲ್ಲಿನಲ್ಲಿ ಸಕ್ಕರೆಯ ಲೆಕ್ಕಕ್ಕೂ ಬರುವುದಿಲ್ಲ. ಆದರೆ ರಕ್ತದಲ್ಲಿ ಗ್ಲೂಕೋಸ್ ಏರಿಸುವುದರಲ್ಲಿ ಸಕ್ಕರೆಗಿಂತ ಏನೂ ಹಿಂದೆ ಇಲ್ಲ. ಇಂಥ ಪುಡಿಗಳಿಗೆ 'ಹೆಲ್ತ್ ಡ್ರಿಂಕ್' ಎನ್ನುವ ಹೆಸರೇ ನಮ್ಮ 2006ರ ಆಹಾರ ಸುರಕ್ಷತಾ ಕಾಯ್ದೆಯಲ್ಲಿ ಇಲ್ಲ. 2024ರ ಏಪ್ರಿಲ್‌ನಲ್ಲಿ ಕೇಂದ್ರ ವಾಣಿಜ್ಯ ಸಚಿವಾಲಯ ಆನ್‌ಲೈನ್ ಅಂಗಡಿಗಳಿಗೆ ಆ ಹೆಸರಿನ ವಿಭಾಗದಿಂದ ಇವನ್ನು ತೆಗೆಯಿರಿ ಎಂದು ಹೇಳಿತು. ನನ್ನ ಅವ್ವನ ರಿಪೋರ್ಟು ಬಂದದ್ದೂ ಅದೇ ತಿಂಗಳು.

ಈಗ ನಿಮ್ಮ ಪ್ರಶ್ನೆಗೆ ಬರುತ್ತೇನೆ. 'ಯಾವ ಶುಗರ್‌ಫ್ರೀ ಬಿಸ್ಕತ್ತು' ಎನ್ನುವ ಪ್ರಶ್ನೆಯನ್ನೇ ಬಿಟ್ಟುಬಿಡಿ. ಶುಗರ್ ಇದ್ದವರಿಗೆ ಒಳ್ಳೆಯದು ಎನ್ನುವ ಬಿಸ್ಕತ್ತನ್ನು ನಾನು ಈವರೆಗೆ ಒಂದೂ ಕಂಡಿಲ್ಲ. ನಿಮ್ಮ ಅಮ್ಮ ಎರಡು ಸಾದಾ ಬಿಸ್ಕತ್ತಿಗೆ ನಿಲ್ಲುತ್ತಾರೆ ಎಂದಾದರೆ, ಡಾಕ್ಟರಿಗೆ ತಿಳಿಸಿ ಆ ಎರಡನ್ನೇ ಕೊಡಿ. ಎಣಿಸಿ ತಿನ್ನುವ ಸಾದಾ ಬಿಸ್ಕತ್ತು, ಎಣಿಸದೆ ತಿನ್ನುವ ಶುಗರ್‌ಫ್ರೀಗಿಂತ ಎಷ್ಟೋ ವಾಸಿ. ಹಾಲಿಗೆ ಪುಡಿ ಬೇಡವೇ ಬೇಡ, ಬರೀ ಹಾಲು ಸಾಕು. ಕೆಲವರು ಒಪ್ಪಲಿಕ್ಕಿಲ್ಲ. ನಾನು ಇದನ್ನು ಬದಲಿಸುವುದಿಲ್ಲ.

ಹಾಗಾದರೆ ಲೇಬಲ್ ಯಾಕೆ ಓದಬೇಕು? ನನ್ನ ಪ್ರಕಾರ ಪಾಕೀಟನ್ನು ವಾಪಸ್ ಕಪಾಟಿನಲ್ಲಿ ಇಡುವುದಕ್ಕೆ. ಕೊಳ್ಳಲೇಬೇಕು ಎಂದು ಮನಸ್ಸು ಮಾಡಿ ಓದಿದರೆ ನಮಗೆ ಬೇಕಾದ ಸಾಲು ಮಾತ್ರ ಕಾಣುತ್ತದೆ. ನನಗೆ ಹಾಗೇ ಆಯಿತು.

ಮೇಡಂ ಕಲಿಸಿದ ಕ್ರಮ ಹೇಳುತ್ತೇನೆ. ಮುಂಬದಿ ಓದಲೇಬೇಡಿ. ಹಿಂದೆ ತಿರುಗಿಸಿ ಮೊದಲು ಪದಾರ್ಥಗಳ ಪಟ್ಟಿ ನೋಡಿ. ಯಾವುದು ಹೆಚ್ಚು ತೂಕವೋ ಅದನ್ನು ಮೊದಲು ಬರೆಯಬೇಕು ಎಂದು ನಿಯಮವಿದೆ. ಮೊದಲ ಮೂರು ಹೆಸರೇ ಆ ಪಾಕೀಟು. ಸಕ್ಕರೆ ಬೇರೆ ಬೇರೆ ವೇಷದಲ್ಲಿ ಬರುತ್ತದೆ: ಲಿಕ್ವಿಡ್ ಗ್ಲೂಕೋಸ್, ಇನ್ವರ್ಟ್ ಸಿರಪ್, ಡೆಕ್ಸ್‌ಟ್ರೋಸ್, ಫ್ರುಕ್ಟೋಸ್, ಜೇನು, ಬೆಲ್ಲ. ನಾಲ್ಕು ಹೆಸರಲ್ಲಿ ಹಂಚಿಬಿಟ್ಟರೆ ಒಂದೊಂದೂ ಪಟ್ಟಿಯಲ್ಲಿ ಕೆಳಗೆ ಹೋಗುತ್ತದೆ, ಕೂಡಿಸಿದರೆ ಮೇಲೆ ಬರುತ್ತದೆ. ರಾಗಿ ಬಿಸ್ಕತ್ತು, ಓಟ್ಸ್ ಬಿಸ್ಕತ್ತು ಎಂದು ಹೆಸರಿಟ್ಟಿದ್ದರೆ ಅದರಲ್ಲಿ ರಾಗಿ ಶೇಕಡಾ ಎಷ್ಟು ಎಂದೂ ಬರೆಯಬೇಕು. ನಾನು ನೋಡಿದ ಒಂದು ರಾಗಿ ಬಿಸ್ಕತ್ತಿನಲ್ಲಿ ಮೊದಲ ಹೆಸರು ಮೈದಾ, ರಾಗಿ ಶೇ 12.

ಆಮೇಲೆ ಪೌಷ್ಟಿಕಾಂಶದ ಪಟ್ಟಿ. 100 ಗ್ರಾಂ ಕಾಲಂ ಒಂದನ್ನೇ ಓದಿ. ಎರಡು ಪಾಕೀಟು ಹೋಲಿಸಬೇಕಾದರೆ ಅದೊಂದೇ ಸರಿಯಾದ ತಕ್ಕಡಿ. ಆಮೇಲೆ ಮನೆಯಲ್ಲಿ ನಿಜವಾಗಿ ಎಷ್ಟು ತಿನ್ನುತ್ತಾರೋ ಅದನ್ನು ತೂಗಿ ಗುಣಿಸಿ. ಪಕ್ಕದಲ್ಲಿ ದಿನದ ಅಗತ್ಯದ ಶೇಕಡಾ ಎಷ್ಟು ಎಂದು ಇರುತ್ತದಲ್ಲ, ಅದು 2000 ಕಿಲೋಕ್ಯಾಲರಿ ತಿನ್ನುವ ವಯಸ್ಕರಿಗೆ ಹಾಕಿದ ಲೆಕ್ಕ. ದಿನವಿಡೀ ಮನೆಯಲ್ಲೇ ಕೂರುವ 52 ಕೆ.ಜಿ.ಯ ಮುದುಕಿಗೆ ಅಷ್ಟು ಬೇಕಾಗುವುದಿಲ್ಲ. ಹಾಗಾಗಿ ಅಲ್ಲಿ ಕಾಣುವ ಶೇಕಡಾ ಅವರ ಪಾಲಿಗೆ ಇನ್ನೂ ಹೆಚ್ಚೇ.

'ಶುಗರ್‌ಫ್ರೀ' ಮತ್ತು 'ಸಕ್ಕರೆ ಸೇರಿಸಿಲ್ಲ' ಒಂದೇ ಅಲ್ಲ. ಮೊದಲನೆಯದನ್ನು ಬರೆಯಬೇಕಾದರೆ 100 ಗ್ರಾಂನಲ್ಲಿ ಸಕ್ಕರೆ 0.5 ಗ್ರಾಂ ದಾಟಬಾರದು. ಎರಡನೆಯದರಲ್ಲಿ ಪದಾರ್ಥದೊಳಗೇ ಇರುವ ಸಕ್ಕರೆ, ಹಣ್ಣಿನದೋ ಹಾಲಿನದೋ, ಎಷ್ಟಾದರೂ ಇರಬಹುದು. ಮೈದಾದ ಬಗ್ಗೆ ಎರಡೂ ಏನೂ ಹೇಳುವುದಿಲ್ಲ. ಹಸಿರು ಚುಕ್ಕೆ ಅಂದರೆ ಸಸ್ಯಾಹಾರ, ಅಷ್ಟೇ. ನಮ್ಮ ಓಣಿಯಲ್ಲಿ ಎಷ್ಟೋ ಜನ ಅದನ್ನು ಆರೋಗ್ಯದ ಗುರುತು ಎಂದು ತಿಳಿದಿದ್ದಾರೆ. ಕೇಂದ್ರದ ಆಹಾರ ಸುರಕ್ಷತಾ ಪ್ರಾಧಿಕಾರವಾದ ಎಫ್‌ಎಸ್‌ಎಸ್‌ಎಐನ 14 ಅಂಕಿಯ ನಂಬರು ತಯಾರಿಸಿದವರಿಗೆ ಲೈಸೆನ್ಸ್ ಇದೆ ಎಂದು ಹೇಳುತ್ತದೆ. ಒಳಗಿರುವುದು ನಿಮ್ಮ ಅಮ್ಮನಿಗೆ ಒಗ್ಗುತ್ತದೆ ಎಂದು ಹೇಳುವುದಿಲ್ಲ.

ಅಮ್ಮನಿಗೆ ಬಿಪಿಯೂ ಇದ್ದರೆ ಸೋಡಿಯಂ ಸಾಲು ನೋಡಿ. ಅಲ್ಲಿ ಬರುವ ಮಿಲಿಗ್ರಾಂ ಅನ್ನು ಎರಡೂವರೆಯಿಂದ ಗುಣಿಸಿದರೆ ಉಪ್ಪು ಎಷ್ಟು ಎಂದು ಸಿಗುತ್ತದೆ. ದಿನಕ್ಕೆ 2000 ಮಿ.ಗ್ರಾಂ ಸೋಡಿಯಂ, ಅಂದರೆ 5 ಗ್ರಾಂ ಉಪ್ಪು, ಅದರೊಳಗೇ ಇರಬೇಕು. ಸಾರು, ಪಲ್ಯ, ಹಿಂಡಿ, ಉಪ್ಪಿನಕಾಯಿಯಲ್ಲಿ ನಾವು ಅಷ್ಟನ್ನೂ ಮುಗಿಸಿರುತ್ತೇವೆ. ಇನ್ನು ಖಾರಾ ಬಿಸ್ಕತ್ತಿಗೆ, ಹಪ್ಪಳಕ್ಕೆ ಜಾಗ ಎಲ್ಲಿ?

ಒಂದು ಮಾತು ನನಗೆ ಸಿಟ್ಟು ತರಿಸುತ್ತದೆ. ಅವ್ವ ಮೂರನೇ ಇಯತ್ತೆ ಓದಿದವಳು, ಕನ್ನಡ ಪೇಪರ್ ಪೂರ್ತಿ ಓದುತ್ತಾಳೆ. ಆದರೆ ಲೇಬಲ್ಲಿನ ವಿವರ ಇಂಗ್ಲಿಷಿನಲ್ಲೋ ಹಿಂದಿಯಲ್ಲೋ ಇದ್ದರೆ ಸಾಕು ಎನ್ನುತ್ತದೆ ನಿಯಮ. ಕನ್ನಡ ಕಂಪನಿಯ ಇಷ್ಟಕ್ಕೆ ಬಿಟ್ಟದ್ದು. ಯಾರು ತಿನ್ನುತ್ತಾರೋ ಅವರಿಗೇ ಓದಲು ಬರದ ಪಟ್ಟಿ ಅದು. ಚಿಲಿ ದೇಶದಲ್ಲಿ 2016ರಿಂದ ಸಕ್ಕರೆ, ಉಪ್ಪು, ಕೊಬ್ಬು ಹೆಚ್ಚಿದ್ದ ಪಾಕೀಟಿನ ಮುಂಬದಿಯಲ್ಲೇ ಕಪ್ಪು ಎಂಟುಮೂಲೆಯ ಗುರುತು ಹಾಕುತ್ತಾರೆ. ಚಿಕ್ಕ ಹುಡುಗರಿಗೂ ತಿಳಿಯುತ್ತದೆ. ನಮ್ಮಲ್ಲಿ 2022ರಲ್ಲಿ ಆಹಾರ ಎಷ್ಟು ಒಳ್ಳೆಯದೋ ಅಷ್ಟು ನಕ್ಷತ್ರವನ್ನು ಪಾಕೀಟಿಗೆ ಕೊಡುವ ಕರಡು ನಿಯಮ ಬಂತು. ಬಿಸ್ಕತ್ತಿಗೂ ಒಂದೆರಡು ನಕ್ಷತ್ರ ಸಿಗುವ ಪದ್ಧತಿ ನನಗೆ ಬೇಡ, ನನಗೆ ಕಪ್ಪು ಗುರುತೇ ಬೇಕು. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2024ರಲ್ಲಿ ಹೊರಡಿಸಿದ 17 ಆಹಾರ ಸೂತ್ರಗಳಲ್ಲಿ ಕೊನೆಯದು ಲೇಬಲ್ ಓದಿ ಎನ್ನುವುದೇ. ಓದಿ ಎನ್ನುವವರು ನಮ್ಮ ಭಾಷೆಯಲ್ಲಿ ಬರೆಸಿಯೂ ಕೊಡಬೇಕು.

ಅಲ್ಲಿಯವರೆಗೆ ನಾನೇ ಬರೆಯುತ್ತೇನೆ. ಈಗ ಮನೆಯಲ್ಲಿ ಯಾವುದೇ ಪಾಕೀಟು ಡಬ್ಬಿಗೆ ಸುರಿಯುವ ಮೊದಲು ಲೇಬಲ್ಲಿನ ಭಾಗ ಕತ್ತರಿಸಿ ಡಬ್ಬಿಯೊಳಗೆ ಹಾಕುತ್ತೇವೆ. ಡಬ್ಬಿಯ ಮೇಲೆ ಒಂದು ಚೀಟಿ ಅಂಟಿಸಿ ಕನ್ನಡದಲ್ಲಿ 'ಒಂದಕ್ಕೆ ಕಾರ್ಬ್ 4 ಗ್ರಾಂ, ದಿನಕ್ಕೆ 2' ಎಂದು ಬರೆಯುತ್ತೇನೆ. ಬೆಳಗಿನ ರೊಟ್ಟಿ ಮತ್ತೆ ಬಂದಿದೆ. ಸಂಜೆ ಒಂದು ಹಿಡಿ ಹುರಿದ ಶೇಂಗಾ, ಇಲ್ಲಾ ಬೇಯಿಸಿದ ಹೆಸರುಕಾಳು, ಚಹಾ. ಎಚ್‌ಬಿಎ1ಸಿ ಹೋದ ಸಲ 7.6 ಬಂತು. ಇನ್ಸುಲಿನ್ ನಿಂತಿಲ್ಲ, ಪ್ರಮಾಣ ಇಳಿದಿದೆ. ಹಿಮ್ಮಡಿಯ ಗಾಯದ ಜಾಗ ಕಪ್ಪಗೆ ಉಳಿದಿದೆ. ದಿನಾ ರಾತ್ರಿ ಕಾಲು ನೋಡುವುದು ನನ್ನ ಕೆಲಸ.

ಮೊನ್ನೆ ಬಂಧುಗಳ ಮನೆಯಿಂದ ಯಾರೋ ಓಟ್ಸ್ ಬಿಸ್ಕತ್ತಿನ ಡಬ್ಬಿ ತಂದುಕೊಟ್ಟರು. ಅವ್ವ ಅದನ್ನು ಮಗುಚಿ, ಕನ್ನಡಕ ಏರಿಸಿ, ನನ್ನ ಮುಂದೆ ಹಿಡಿದು ಕೇಳಿದಳು: "ನೂರು ಗ್ರಾಮಿಂದು ಓದಿ ಹೇಳಪ, ಎರಡಿಂದು ಬ್ಯಾಡ."

ನೀವು ಈಗಾಗಲೇ ತಂದಿಟ್ಟಿರುವ ಪಾಕೀಟು ಇದ್ದರೆ ಅದರ ಹಿಂಬದಿಯ ಫೋಟೋ ಹಾಕಿ. ಎರಡೂ ಕಾಲಂ, ಪದಾರ್ಥಗಳ ಪಟ್ಟಿ ಪೂರ್ತಿ ಕಾಣಬೇಕು. ಅಮ್ಮ ದಿನಕ್ಕೆ ಎಷ್ಟು ತಿನ್ನುತ್ತಾರೆ ಎಂದು ಎರಡು ದಿನ ಅವರಿಗೆ ತಿಳಿಯದಂತೆ ಎಣಿಸಿ, ಅದನ್ನೂ ಬರೆಯಿರಿ. ಲೆಕ್ಕ ನಾನು ಹಾಕಿಕೊಡುತ್ತೇನೆ. ಅದನ್ನು ಅವರ ಡಾಕ್ಟರಿಗೆ ತೋರಿಸಿ.